ಮರಿಯ ಹಸಿವು, ತನ್ನ ಮೈತೂಕ: ಕಡಲ ಹಕ್ಕಿ ಎರಡನ್ನೂ ಹೇಗೆ ತೂಗಿಸುತ್ತದೆ?

ಪ್ರಶ್ನೆ: ಟಿವಿಯಲ್ಲಿ ಆಲ್ಬಟ್ರಾಸ್ ಹಕ್ಕಿಯ ಬಗ್ಗೆ ಒಂದು ಕಾರ್ಯಕ್ರಮ ನೋಡಿದೆ. ಕೊರೆಯುವ ಗಾಳಿಯಲ್ಲಿ ಮರಿಯೊಂದು ಗೂಡಿನ ಮೇಲೆ ಒಂಟಿಯಾಗಿ ಕೂತಿತ್ತು. ಅಪ್ಪ ಅಮ್ಮ ಇಬ್ಬರೂ ದಿನಗಟ್ಟಲೆ ಪತ್ತೆ ಇಲ್ಲ. ನಮ್ಮ ಮನೆ ಸೂರಿನ ಗುಬ್ಬಚ್ಚಿ ಕೆಲವು ನಿಮಿಷಕ್ಕೊಮ್ಮೆ ಮರಿಗೆ ಹುಳ ತರುತ್ತದೆ. ಕಡಲ ಹಕ್ಕಿಗಳಿಗೆ ಮರಿಯ ಮೇಲೆ ಅಕ್ಕರೆ ಕಡಿಮೆಯೇ? ಅಷ್ಟು ದೂರ ಹೋದ ಹಕ್ಕಿ ಯಾವಾಗ ವಾಪಸ್ ಬರಬೇಕು ಅಂತ ಹೇಗೆ ತೀರ್ಮಾನಿಸುತ್ತದೆ? ಇನ್ನೊಂದು ವಿಷಯ. ಆಗಸ್ಟಿನಲ್ಲಿ ಬೋಟು ಕಡಲಿಗಿಳಿದ ಮೇಲೆ, ಆಳಸಮುದ್ರದಲ್ಲಿ ಗುಬ್ಬಚ್ಚಿಗಿಂತ ತುಸು ದೊಡ್ಡ ಕಪ್ಪು ಹಕ್ಕಿಗಳು ನೀರಿನ ಮೇಲೆ ಕಾಲು ತಾಗಿಸಿ ಕುಣಿಯುತ್ತಾ ಬರುತ್ತವೆ ಎಂದು ಮೀನಿಗೆ ಹೋಗುವ ನಮ್ಮವರು ಹೇಳುತ್ತಾರೆ. ಅವುಗಳ ಮರಿ ಎಲ್ಲಿರುತ್ತವೆ?
ಕುಂದಾಪುರದ ಓದುಗರೊಬ್ಬರು

ಉತ್ತರ: ಅಕ್ಕರೆ ಕಡಿಮೆ ಅನ್ನಲು ಆಧಾರವಿಲ್ಲ. ಒಂದೇ ಒಂದು ಮರಿಗಾಗಿ ವರ್ಷದ ಹೆಚ್ಚಿನ ಭಾಗ ಸಾಗರ ಸುತ್ತುವ ಹಕ್ಕಿ ಅದು. ಆದರೆ ನೀವು ಟಿವಿಯಲ್ಲಿ ಕಂಡದ್ದು ನಿಜ. ಕಡಲ ಹಕ್ಕಿ ಮರಿಗಾಗಿ ಏನು ಬೇಕಾದರೂ ಮಾಡುವುದಿಲ್ಲ. ತನ್ನ ಮೈತೂಕ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಅದು ಮೊದಲು ತನ್ನ ಹೊಟ್ಟೆ ನೋಡಿಕೊಳ್ಳುತ್ತದೆ. ಮರಿ ಕಾಯಬೇಕು. ಆ ಕಾಯುವಿಕೆಯನ್ನು ತಾಳಿಕೊಳ್ಳುವಂತೆಯೇ ಮರಿಯ ಮೈ ಕೂಡ ರೂಪುಗೊಂಡಿದೆ. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟರಲ್ಲೇ ಇದೆ. ಆದರೆ ಅದು ನಡೆಯುವ ರೀತಿ ಇದೆಯಲ್ಲ, ಅದನ್ನು ವಿವರವಾಗಿ ಹೇಳಲೇಬೇಕು.

ಮೊದಲು ವಯಸ್ಸಿನ ವಿಷಯ ನೋಡೋಣ. ಗುಬ್ಬಚ್ಚಿಯ ಬದುಕು ಚಿಕ್ಕದು. ಈ ವರ್ಷ ಮರಿ ಮಾಡಿದ ಗುಬ್ಬಚ್ಚಿ ಮುಂದಿನ ವರ್ಷ ಇರುತ್ತದೆ ಎಂಬ ಭರವಸೆ ಇಲ್ಲ. ಹಾಗಾಗಿ ಅದು ಒಂದೇ ಋತುವಿನಲ್ಲಿ ಎರಡು ಮೂರು ಸಲ ಮೊಟ್ಟೆ ಇಟ್ಟು, ಇದ್ದ ಶಕ್ತಿಯನ್ನೆಲ್ಲ ಮರಿಗಳಿಗೆ ಸುರಿಯುತ್ತದೆ. ಆಲ್ಬಟ್ರಾಸ್ ಕಥೆ ಬೇರೆ. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದಲ್ಲಿ 'ವಿಸ್ಡಮ್' ಎಂದು ಹೆಸರಿಟ್ಟಿರುವ ಒಂದು ಲೇಸನ್ ಆಲ್ಬಟ್ರಾಸ್ ಇದೆ. ಅದರ ಕಾಲಿಗೆ 1956ರಲ್ಲಿ ಉಂಗುರ ಹಾಕಿದ್ದರು. ಆಗಲೇ ಅದು ಮೊಟ್ಟೆ ಇಡುವ ವಯಸ್ಸಿಗೆ ಬಂದಿತ್ತು. ಅದೇ ಹಕ್ಕಿ 2024ರ ಕೊನೆಯಲ್ಲಿ ಮತ್ತೆ ಮೊಟ್ಟೆ ಇಟ್ಟಿತು. 2025ರ ಆರಂಭದಲ್ಲಿ ಮರಿಯೂ ಹೊರಬಂತು. ಅಂದರೆ ಕನಿಷ್ಠ 74 ವರ್ಷದ ತಾಯಿ! ಇಷ್ಟು ದೀರ್ಘ ಬದುಕಿನ ಹಕ್ಕಿ ಈ ವರ್ಷದ ಒಂದು ಮರಿಗಾಗಿ ಸತ್ತರೆ, ಮುಂದೆ ಹುಟ್ಟಬಹುದಾಗಿದ್ದ ಅಷ್ಟೂ ಮರಿಗಳು ಹೋದಂತೆ. ಲಕ್ಷಾಂತರ ವರ್ಷಗಳಲ್ಲಿ ಹಾಗೆ ಸತ್ತವುಗಳ ಸಂತತಿ ಕಡಿಮೆಯಾಯಿತು. ತನ್ನನ್ನು ಉಳಿಸಿಕೊಂಡು ಮರಿ ಸಾಕಿದವುಗಳ ಸಂತತಿ ಉಳಿಯಿತು.

ಇನ್ನು ದೂರ. ಗುಬ್ಬಚ್ಚಿಗೆ ಹುಳ ಸಿಗುವುದು ಎದುರಿನ ಗಿಡದಲ್ಲಿ. ಕಡಲ ಹಕ್ಕಿ ಮೊಟ್ಟೆ ಇಡಲು ನೆಲಕ್ಕೇ ಬರಬೇಕು. ಬೆಕ್ಕು ನರಿ ಇಲ್ಲದ ಸುರಕ್ಷಿತ ದ್ವೀಪಗಳು ಕಡಲಿನಲ್ಲಿ ಎಲ್ಲೋ ಕೆಲವು. ಅಲ್ಲಿ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಹಕ್ಕಿಗಳು ಒಟ್ಟಿಗೆ ಗೂಡು ಮಾಡುತ್ತವೆ. ಮೀನಂತೂ ಒಂದು ಕಡೆ ನಿಲ್ಲುವುದಿಲ್ಲ. ದೂರದ ಸಂತೆಗೆ ಹೋದವರು ಒಂದು ತೆಂಗಿನಕಾಯಿ ಕೊಂಡು ವಾಪಸ್ ಬರುತ್ತಾರೆಯೇ? ಹೋದ ಮೇಲೆ ಚೀಲ ತುಂಬಿಸಿಕೊಂಡೇ ಬರಬೇಕು. ಕಡಲ ಹಕ್ಕಿಯ ಲೆಕ್ಕವೂ ಹೀಗೇ. ದೂರ ಜಾಸ್ತಿಯಾದಷ್ಟೂ ಒಂದೊಂದು ಸಲ ತರುವ ಆಹಾರ ಜಾಸ್ತಿ ಇರಬೇಕು, ಬರುವ ಸರದಿ ಕಡಿಮೆಯಾಗುತ್ತದೆ. ಎಷ್ಟೋ ಕಡಲ ಹಕ್ಕಿಗಳು ವರ್ಷಕ್ಕೆ ಒಂದೇ ಮೊಟ್ಟೆ ಇಡುವುದಕ್ಕೆ ಇದು ಮುಖ್ಯ ಕಾರಣ. ಎರಡನೇ ಮರಿಗೆ ತಂದುಕೊಡುವಷ್ಟು ವ್ಯವಧಾನ ಇಲ್ಲ.

ಹತ್ತಿರದಲ್ಲೇ ಯಾಕೆ ಹಿಡಿಯಬಾರದು ಎಂದು ನಿಮಗೆ ಅನಿಸಬಹುದು. ಅಸೆನ್ಷನ್ ದ್ವೀಪದಲ್ಲಿ ಹಕ್ಕಿಗಳ ಅಧ್ಯಯನ ಮಾಡಿದ ಫಿಲಿಪ್ ಆ್ಯಶ್‌ಮೋಲ್ 1963ರಲ್ಲಿ ಒಂದು ವಿಚಾರ ಮುಂದಿಟ್ಟರು. ದೊಡ್ಡ ವಸಾಹತು, ಅಂದರೆ ಒಟ್ಟಿಗೆ ಗೂಡು ಮಾಡುವ ಹಕ್ಕಿಗಳ ಗುಂಪು, ಇರುವ ಕಡೆ ಹಕ್ಕಿಗಳು ತಾವೇ ಸುತ್ತಮುತ್ತಲಿನ ಮೀನನ್ನು ಖಾಲಿ ಮಾಡುತ್ತವೆ. ಹಾಗಾಗಿ ಪ್ರತಿಯೊಂದೂ ಇನ್ನಷ್ಟು ದೂರ ಹೋಗಬೇಕಾಗುತ್ತದೆ. ಬ್ರಿಟನ್ ಸುತ್ತಲಿನ ಗ್ಯಾನೆಟ್ ಎಂಬ ದೊಡ್ಡ ಬಿಳಿ ಕಡಲ ಹಕ್ಕಿಗಳಲ್ಲಿ ಇದರ ಇನ್ನೊಂದು ಮುಖ ಕಂಡಿತು. 12 ವಸಾಹತುಗಳ ಹಕ್ಕಿಗಳಿಗೆ ಸಣ್ಣ ಯಂತ್ರ ಕಟ್ಟಿ ಹಿಂಬಾಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಕ್ಕಪಕ್ಕದ ವಸಾಹತಿನ ಹಕ್ಕಿಗಳು ಕಡಲನ್ನು ಪಾಲು ಮಾಡಿಕೊಂಡಂತೆ ಬೇರೆ ಬೇರೆ ಕಡೆಯೇ ಮೀನು ಹಿಡಿಯುತ್ತಿದ್ದವು. ಯಾರೂ ಗಡಿ ಕಾಯುತ್ತಿರಲಿಲ್ಲ, ಜಗಳವೂ ಇರಲಿಲ್ಲ. ಪಕ್ಕದ ವಸಾಹತಿನ ಬಾಗಿಲಿಗೆ ಹೋದರೆ ಅಲ್ಲಿಯವರು ಮೊದಲೇ ಹಿಡಿದಿರುತ್ತಾರೆ, ಹೋಗಿ ಲಾಭವಿಲ್ಲ, ಅಷ್ಟೇ.

ಈಗ ನಿಮ್ಮ ಆಲ್ಬಟ್ರಾಸ್‌ಗೆ ಬರೋಣ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಕ್ರೋಜೆ ಎಂಬ ದ್ವೀಪಗಳಿವೆ, ಫ್ರಾನ್ಸಿಗೆ ಸೇರಿದವು. ಅಲ್ಲಿ ಪಿಯೆರ್ ಜುವಾಂತಾ ಮತ್ತು ಆರಿ ವೈಮರ್ಸ್ಕಿರ್ಶ್ ಎಂಬ ವಿಜ್ಞಾನಿಗಳು ವಾಂಡರಿಂಗ್ ಆಲ್ಬಟ್ರಾಸ್‌ಗಳ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳಿಸುವ ಯಂತ್ರ ಕಟ್ಟಿದರು. 1990ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಕಾವಿನ ಸರದಿಯನ್ನು ಜೋಡಿಗೆ ಒಪ್ಪಿಸಿ ಹೊರಟ ಹಕ್ಕಿ, ಒಂದೇ ಸುತ್ತಿನಲ್ಲಿ 3,600 ಕಿ.ಮೀ.ಯಿಂದ 15,000 ಕಿ.ಮೀ.ವರೆಗೆ ಹಾರಿ ಬರುತ್ತಿತ್ತು. ಅತಿ ಉದ್ದದ ಸುತ್ತಂತೂ ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಇರುವ ದೂರದ ಹಲವು ಪಟ್ಟು!

ಇದು ಹೇಗೆ ಸಾಧ್ಯ ಅಂದರೆ ರೆಕ್ಕೆ ಬಡಿಯದೆ. ತುದಿಯಿಂದ ತುದಿಗೆ ಮೂರು ಮೀಟರಿಗೂ ಉದ್ದದ ರೆಕ್ಕೆಗಳನ್ನು ಚಾಚಿ, ಅಲೆಯ ಮೇಲಿನ ಗಾಳಿಯಲ್ಲಿ ಏರುತ್ತಾ ಇಳಿಯುತ್ತಾ ಸಾಗುತ್ತದೆ. ಹಾಗೆ ತೇಲುವಾಗ ಅದರ ಎದೆಬಡಿತ ಸುಮ್ನೆ ಕೂತಿರುವಾಗ ಇರುವುದಕ್ಕಿಂತ ಹೆಚ್ಚೇನೂ ಇರುವುದಿಲ್ಲ ಎಂದು ಅಳೆದು ನೋಡಿದ್ದಾರೆ. ಕಷ್ಟ ಇರುವುದು ನೀರಿನಿಂದ ಮೇಲೇಳುವಾಗ. ಹಾಗಾಗಿ ಅದಕ್ಕೆ ದೂರ ಹೋಗುವುದು ಅಗ್ಗ, ಗಾಳಿ ಇದ್ದರೆ ಸಾಕು. ದಕ್ಷಿಣ ಸಾಗರದ ಗಾಳಿ ಕೆಲವು ದಶಕಗಳಲ್ಲಿ ಬಲವಾದಾಗ ಏನಾಯಿತು ಎಂಬುದಕ್ಕೂ ಕ್ರೋಜೆಯಲ್ಲೇ ದಾಖಲೆ ಇದೆ. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಕ್ಕಿಗಳು ಬೇಗ ಬೇಗ ವಾಪಸ್ ಬರತೊಡಗಿದವು, ಮರಿಗಳು ಹೆಚ್ಚು ಬದುಕಿದವು, ದೊಡ್ಡ ಹಕ್ಕಿಗಳ ತೂಕವೇ ಸುಮಾರು ಒಂದು ಕಿಲೋ ಏರಿತು. ಪ್ರಯಾಣದಲ್ಲಿ ಉಳಿದ ಸಮಯ ಮರಿಗೂ ಹೋಯಿತು, ಹಿರಿಯ ಹಕ್ಕಿಗೂ ಹೋಯಿತು. ಈ ಗಾಳಿ ಮುಂದೆಯೂ ಹೀಗೇ ಅನುಕೂಲ ಮಾಡಿಕೊಡುತ್ತದೆ ಎಂದು ನಂಬುವ ಹಾಗಿಲ್ಲ.

ಮರಿ ಮೊಟ್ಟೆಯಿಂದ ಬಂದ ಮೊದಲ ಒಂದು ತಿಂಗಳು ಮಾತ್ರ ಚಿತ್ರ ಬೇರೆ. ಆಗ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ಒಬ್ಬರು ಗೂಡಿನಲ್ಲಿ ಇರಲೇಬೇಕು. ಇನ್ನೊಬ್ಬರು ಹತ್ತಿರದಲ್ಲೇ, ದ್ವೀಪದ ಸುತ್ತಲಿನ ಕಡಲತಳ ಆಳಕ್ಕೆ ಇಳಿಯುವ ಅಂಚಿನಲ್ಲಿ, ಸಿಕ್ಕಿದ್ದನ್ನು ಹಿಡಿದು ಎರಡು ಮೂರು ದಿನಕ್ಕೆ ವಾಪಸ್ ಬರುತ್ತಾರೆ. ಇಬ್ಬರ ತೂಕವೂ ಇಳಿಯುವ ಕಾಲ ಇದು. ಮರಿಗೆ ದಪ್ಪ ತುಪ್ಪಳ ಬಂದ ಮೇಲೆ ಇಬ್ಬರೂ ಹೊರಡುತ್ತಾರೆ. ನೀವು ಟಿವಿಯಲ್ಲಿ ಕಂಡದ್ದು ಇದನ್ನೇ. ಚಳಿಗಾಲ ಪೂರ್ತಿ ಮರಿ ಆ ಮಣ್ಣುದಿಬ್ಬದ ಗೂಡಿನ ಮೇಲೆ ಕೂತಿರುತ್ತದೆ. ಹುಟ್ಟಿ ಸುಮಾರು ಒಂಬತ್ತು ತಿಂಗಳಿಗೆ ಹಾರಿಹೋಗುತ್ತದೆ. ಈ ಲೆಕ್ಕದಲ್ಲಿ ಒಂದು ಮರಿ ಬೆಳೆಸಲು ಮೊಟ್ಟೆಯ ಕಾವೂ ಸೇರಿ ವರ್ಷವೇ ಹಿಡಿಯುತ್ತದೆ. ಅದಕ್ಕೇ ಮರಿ ಬೆಳೆಸಿದ ವಾಂಡರಿಂಗ್ ಆಲ್ಬಟ್ರಾಸ್ ಮರುವರ್ಷ ಮೊಟ್ಟೆ ಇಡುವುದಿಲ್ಲ.

ಮರಿ ಮತ್ತು ತನ್ನ ಮೈ, ಎರಡನ್ನೂ ತೂಗಿಸುವ ಉಪಾಯ ಅತಿ ಸ್ಪಷ್ಟವಾಗಿ ಕಾಣುವುದು ಇದಕ್ಕಿಂತ ಸಣ್ಣ ಹಕ್ಕಿಗಳಲ್ಲಿ. ವೈಮರ್ಸ್ಕಿರ್ಶ್ ಮತ್ತು ಸಂಗಡಿಗರು 1994ರಲ್ಲಿ ಇದನ್ನು ಬಿಡಿಸಿಟ್ಟರು. ಆಲ್ಬಟ್ರಾಸ್ ಬಂಧುಗಳಾದ ಪೆಟ್ರೆಲ್ ಜಾತಿಯ ಹಕ್ಕಿಗಳು ಮರಿಗೆ ಉಣಿಸುವಾಗ ಎರಡು ಬಗೆಯ ಪ್ರಯಾಣ ಮಾಡುತ್ತವೆ. ಕೆಲವು ಚಿಕ್ಕವು, ಆಮೇಲೆ ಒಂದು ಉದ್ದದ್ದು. ಮತ್ತೆ ಚಿಕ್ಕವು, ಮತ್ತೆ ಉದ್ದದ್ದು. ಹಕ್ಕಿ ಹೋಗುವಾಗ ಬರುವಾಗ ತೂಕ ಮಾಡಿದರೆ ಗುಟ್ಟು ಬಯಲಾಗುತ್ತದೆ. ಚಿಕ್ಕ ಪ್ರಯಾಣದಲ್ಲಿ ಮರಿಗೆ ಬೇಗ ಬೇಗ ಆಹಾರ ಸಿಗುತ್ತದೆ, ಆದರೆ ಹಿರಿಯ ಹಕ್ಕಿ ತೂಕ ಕಳೆದುಕೊಳ್ಳುತ್ತದೆ. ಉದ್ದ ಪ್ರಯಾಣದಲ್ಲಿ ಅದು ತೂಕ ತುಂಬಿಸಿಕೊಂಡು ಬರುತ್ತದೆ, ಬರುವಾಗ ಮರಿಗೂ ತರುತ್ತದೆ. ಅಂದರೆ ಚಿಕ್ಕದು ಮರಿಗಾಗಿ, ಉದ್ದದ್ದು ಮುಖ್ಯವಾಗಿ ತನಗಾಗಿ.

ಟಾಸ್ಮೇನಿಯಾದಲ್ಲಿ ಗೂಡು ಮಾಡುವ ಶಾರ್ಟ್‌ಟೇಲ್ಡ್ ಶಿಯರ್‌ವಾಟರ್ ಇದಕ್ಕೆ ಒಳ್ಳೆಯ ಉದಾಹರಣೆ. ತೂಕ ಅರ್ಧ ಕಿಲೋಗಿಂತ ತುಸು ಜಾಸ್ತಿ. ಒಂದೆರಡು ದಿನದ ಚಿಕ್ಕ ಪ್ರಯಾಣಗಳನ್ನು ಒಂದರ ಹಿಂದೆ ಒಂದು ಮಾಡುತ್ತದೆ. ತನ್ನ ತೂಕ ಇಳಿದಾಗ ದಕ್ಷಿಣಕ್ಕೆ, ಅಂಟಾರ್ಕ್ಟಿಕದ ತಣ್ಣೀರಿಗೆ ಹೊರಟುಬಿಡುತ್ತದೆ. 9ರಿಂದ 17 ದಿನ ಆ ಕಡೆ. ಅಲ್ಲಿ ಕ್ರಿಲ್ ಎಂಬ ಸೀಗಡಿಯಂಥ ಜೀವಿಗಳೂ ಸಣ್ಣ ಮೀನುಗಳೂ ಹೇರಳ. ವಾಪಸ್ ಬಂದು ಬಿಲದ ಬಾಯಿಗೆ ಇಳಿಯುವುದು ಕತ್ತಲಾದ ಮೇಲೆಯೇ. ಹಗಲಲ್ಲಿ ಬಂದರೆ ಗಲ್ ಮತ್ತು ಹದ್ದುಗಳ ಕಾಟ. ನೆಲದೊಳಗಿನ ಬಿಲದಲ್ಲಿ ಮರಿ ಸದ್ದು ಕೇಳಿಯೇ ಕೊಕ್ಕು ಚಾಚುತ್ತದೆ. ತನ್ನ ಕೊಕ್ಕನ್ನು ಅಡ್ಡಡ್ಡವಾಗಿ ಹಿರಿಯ ಹಕ್ಕಿಯ ಕೊಕ್ಕಿನೊಳಗೆ ಇಡುತ್ತದೆ. ಆಗ ಗಂಟಲಿನಿಂದ ಮೇಲೆ ಬರುವುದು ಮೀನಲ್ಲ, ಹೆಚ್ಚಾಗಿ ಎಣ್ಣೆ! ತಿಂದ ಬೇಟೆಯ ನೀರಿನ ಅಂಶವನ್ನು ಬೇರೆ ಮಾಡಿ ಕೊಬ್ಬನ್ನಷ್ಟೇ ಹೊಟ್ಟೆಯ ಮುಂಭಾಗದಲ್ಲಿ ಎಣ್ಣೆಯಾಗಿ ಹಿಡಿದಿಟ್ಟುಕೊಂಡು ಬರುತ್ತದೆ. ಅದೇ ತೂಕದ ಹಸಿ ಮೀನಿಗಿಂತ ಆ ಎಣ್ಣೆಯಲ್ಲಿ ಶಕ್ತಿ ಹಲವು ಪಟ್ಟು. ಸಾವಿರಾರು ಕಿ.ಮೀ. ಹೊತ್ತು ತರುವ ಹೊರೆ ಅಂದ ಮೇಲೆ ನೀರು ಯಾಕೆ ಹೊರಬೇಕು, ಅಲ್ವಾ? ನನಗೆ ಕಡಲ ಹಕ್ಕಿಗಳ ಮೈಯೊಳಗೆ ಅತ್ಯಂತ ಚೆಂದ ಕಾಣುವ ಏರ್ಪಾಡು ಇದೇ.

ಅಂದರೆ ಚಿಕ್ಕ ಪ್ರಯಾಣ ಸಾಕು, ಇನ್ನು ಉದ್ದ ಪ್ರಯಾಣ ಎಂದು ಅದಕ್ಕೆ ಹೇಳುವವರು ಯಾರು? ಅದರ ಮೈಯೇ ಹೇಳುತ್ತದೆ. ಎಂಪರರ್ ಪೆಂಗ್ವಿನ್‌ನಲ್ಲಿ ಇದನ್ನು ಫ್ರೆಂಚ್ ವಿಜ್ಞಾನಿಗಳು ಬಹಳ ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಗಂಡು ಹಕ್ಕಿ ಅಂಟಾರ್ಕ್ಟಿಕದ ಚಳಿಗಾಲದಲ್ಲಿ ಸುಮಾರು ನಾಲ್ಕು ತಿಂಗಳು ಉಪವಾಸ ಇರುತ್ತದೆ. ಅದರಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಮೊಟ್ಟೆ ಪಾದದ ಮೇಲೆ. ಅಷ್ಟೂ ದಿನ ಮೈಯ ಕೊಬ್ಬು ಕರಗುತ್ತಿರುತ್ತದೆ. ಮರಿ ಹೊರಬಂದಾಗ ಹೆಣ್ಣು ಇನ್ನೂ ಬಂದಿಲ್ಲ ಅಂದರೆ, ತನ್ನ ಅನ್ನನಾಳದಿಂದ ಒಸರುವ ಹಾಲಿನಂಥ ದ್ರವವನ್ನೇ ಮರಿಗೆ ಕೊಡುತ್ತದೆ. ಆದರೆ ಕೊಬ್ಬು ಬಹುತೇಕ ಮುಗಿದು ಮೈ ತನ್ನ ಮಾಂಸವನ್ನು ಕರಗಿಸಲು ಶುರು ಮಾಡಿದ ಕ್ಷಣ ಬಂದರೆ ಕಥೆ ಬದಲಾಗುತ್ತದೆ. ಹೆಣ್ಣು ಇನ್ನೂ ಬರದಿದ್ದರೆ ಗಂಡು ಮೊಟ್ಟೆಯನ್ನೋ ಮರಿಯನ್ನೋ ಬಿಟ್ಟು ಕಡಲಿನ ಕಡೆ ಹೆಜ್ಜೆ ಹಾಕುತ್ತದೆ. ಆಗಲೂ ಅದರ ಮೈಯಲ್ಲಿ ಹಿಮದ ಮೇಲೆ ನಡೆದು ನೀರು ಮುಟ್ಟುವಷ್ಟು ಶಕ್ತಿ ಉಳಿದಿರುತ್ತದೆ. ಸಾಯುವ ಹಂತದವರೆಗೆ ಅದು ಕಾಯುವುದಿಲ್ಲ.

ಈ ಹಂತದಲ್ಲಿ ರಕ್ತದಲ್ಲಿ ಕಾರ್ಟಿಕೋಸ್ಟೆರೋನ್ ಎಂಬ ಹಾರ್ಮೋನು ಏರುತ್ತದೆ. ಹೋಗಿ ಆಹಾರ ಹುಡುಕು ಎಂಬ ತುಡಿತ ಹುಟ್ಟಿಸುವುದು ಅದು. ಮರಿಯ ಬಳಿ ಇರು ಎಂದು ಹಿಡಿದಿಡುವ ಪ್ರೊಲ್ಯಾಕ್ಟಿನ್ ಇಳಿಯುತ್ತದೆ. ಕೆರ್ಗೆಲೆನ್ ದ್ವೀಪಗಳ ಪುಟ್ಟ ಬ್ಲೂ ಪೆಟ್ರೆಲ್‌ಗಳಲ್ಲೂ ಹೀಗೆಯೇ. ಕಾವು ಕೂತ ಹಕ್ಕಿಯ ತೂಕ ಒಂದು ಗಡಿಗಿಂತ ಇಳಿದರೆ ಗೂಡು ಬಿಟ್ಟು ಹೊರಡುತ್ತದೆ. ಇದನ್ನು ಹಕ್ಕಿ 'ಯೋಚಿಸಿ' ಮಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ನಮಗೆ ಹಸಿವಾಗುವುದನ್ನು ನಾವು ತೀರ್ಮಾನಿಸುತ್ತೇವೆಯೇ? ಇಲ್ಲವಲ್ಲ.

ಇದನ್ನು ಪ್ರಯೋಗ ಮಾಡಿಯೂ ನೋಡಿದ್ದಾರೆ. ಕೆನಡಾದ ಕೆಂಟ್ ದ್ವೀಪದಲ್ಲಿ ಲೀಚ್ಸ್ ಸ್ಟಾರ್ಮ್ ಪೆಟ್ರೆಲ್ ಎಂಬ ಪುಟ್ಟ ಹಕ್ಕಿಯ ರೆಕ್ಕೆಗರಿಗಳನ್ನು ಸ್ವಲ್ಪ ಕತ್ತರಿಸಿ ಹಾರಾಟ ಕಷ್ಟ ಮಾಡಿದರು. ಈಗ ಮರಿ ಸಾಕುವ ಖರ್ಚು ಹೆಚ್ಚಾಯಿತು. ಆ ಹೆಚ್ಚುವರಿ ಖರ್ಚನ್ನು ಯಾರು ಹೊರುತ್ತಾರೆ? 1995ರಲ್ಲಿ ಬಂದ ಉತ್ತರ ನೇರವಾಗಿತ್ತು. ಹಿರಿಯ ಹಕ್ಕಿಯ ಮೈ ಮೊದಲಿನಂತೆಯೇ ಇತ್ತು. ಮರಿಯ ಬೆಳವಣಿಗೆ ನಿಧಾನವಾಯಿತು. ಅಷ್ಟೂ ನಷ್ಟ ಮರಿಯ ತಲೆ ಮೇಲೆ ಬಿತ್ತು.

ಓದಲು ಕಠೋರ ಅನಿಸಬಹುದು. ಆದರೆ ಮರಿಯ ಕಡೆಯಿಂದಲೂ ನೋಡಿ. ಶಿಯರ್‌ವಾಟರ್ ಮರಿ ಬೆಳೆಯುತ್ತಾ ಅಪ್ಪ ಅಮ್ಮನಿಗಿಂತ ಹೆಚ್ಚು ತೂಗುತ್ತದೆ, ಮೈಯೆಲ್ಲ ಕೊಬ್ಬು. ನ್ಯೂಜಿಲೆಂಡಿನ ಮಾವೊರಿ ಜನರೂ ಟಾಸ್ಮೇನಿಯಾದ ಮೂಲನಿವಾಸಿಗಳೂ ತಲೆತಲಾಂತರದಿಂದ ಈ ಕೊಬ್ಬಿದ ಮರಿಗಳನ್ನು ಆಹಾರಕ್ಕೆ ಹಿಡಿಯುತ್ತಾ ಬಂದಿದ್ದಾರೆ. ಆ ಕೊಬ್ಬು ಇರುವುದು ಅಪ್ಪ ಅಮ್ಮ ಬಾರದ ದಿನಗಳಿಗಾಗಿ. ಸ್ಟಾರ್ಮ್ ಪೆಟ್ರೆಲ್‌ಗಳ ಮೊಟ್ಟೆ ಕಾವಿಲ್ಲದೆ ದಿನಗಟ್ಟಲೆ ತಣ್ಣಗಾದರೂ ಒಳಗಿನ ಜೀವ ಸಾಯುವುದಿಲ್ಲ, ಮರಿ ಹೊರಬರುವುದು ತಡವಾಗುತ್ತದೆ ಅಷ್ಟೇ. ಅಲಾಸ್ಕದ ಫೋರ್ಕ್‌ಟೇಲ್ಡ್ ಸ್ಟಾರ್ಮ್ ಪೆಟ್ರೆಲ್ ಮರಿ ಆಹಾರ ಸಿಗದಾಗ ಮೈಬಿಸಿಯನ್ನೇ ಇಳಿಸಿಕೊಂಡು ಜಡವಾಗಿ ಬಿದ್ದಿರುತ್ತದೆ. ಕೊಳ್ಳಿಯನ್ನು ಹಿಂದಕ್ಕೆ ಎಳೆದು ಉರಿ ತಗ್ಗಿಸುವ ಹಾಗೆ. ಕ್ರೋಜೆಯ ಕಿಂಗ್ ಪೆಂಗ್ವಿನ್ ಮರಿಗಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಅಪರೂಪಕ್ಕೊಮ್ಮೆ ತಿಂದು, ಒತ್ತೊತ್ತಾಗಿ ನಿಂತು, ವಸಂತದವರೆಗೆ ಜೀವ ಹಿಡಿದುಕೊಂಡಿರುತ್ತವೆ.

ಕಿಂಗ್ ಪೆಂಗ್ವಿನ್ ಅಂದಾಗ ಗಂಡಿನ ಒಂದು ವಿಶೇಷ ಹೇಳಲೇಬೇಕು. ಮೊಟ್ಟೆಯ ಕೊನೆಯ ಸರದಿ ಸಾಮಾನ್ಯವಾಗಿ ಗಂಡಿನದು. ಅದು ಕಡಲಿನಿಂದ ಬರುವಾಗ ಹೊಟ್ಟೆಯಲ್ಲಿ ಮೀನು ತುಂಬಿಕೊಂಡು ಬಂದು, ಜೀರ್ಣ ಮಾಡದೆ, ಮೂರು ವಾರದವರೆಗೆ ಹಾಗೆಯೇ ಇಟ್ಟುಕೊಳ್ಳಬಲ್ಲದು. ತಾನು ಉಪವಾಸ! ಬಿಸಿ ಹೊಟ್ಟೆಯಲ್ಲಿ ಮೀನು ಕೊಳೆಯುವುದಿಲ್ಲ ಯಾಕೆ? ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರವನ್ನು ಕೊಲ್ಲುವ ಒಂದು ಪದಾರ್ಥ ಅದರ ಹೊಟ್ಟೆಯಲ್ಲಿ ಇದೆ ಎಂದು 2003ರಲ್ಲಿ ಗೊತ್ತಾಯಿತು. ಅದಕ್ಕೆ ಸ್ಫೆನಿಸಿನ್ ಎಂದು ಹೆಸರಿಟ್ಟರು. ಹೆಣ್ಣು ಬರುವುದು ತಡವಾದರೆ ಹೊಸ ಮರಿಗೆ ಮೊದಲ ತುತ್ತು ಆ ದಾಸ್ತಾನಿನಿಂದ. ತನ್ನ ಮೈಯನ್ನು ಉಳಿಸಿಕೊಳ್ಳುವ ಹಕ್ಕಿ ಅಂದೆನಲ್ಲ, ಆ ಮಿತಿಯೊಳಗೆ ಅದು ಎಷ್ಟು ದೂರ ಹೋಗುತ್ತದೆ ನೋಡಿ.

ಎಲ್ಲ ಕಡಲ ಹಕ್ಕಿಗಳಿಗೂ ಹೀಗೆ ದೂರ ಹೋಗುವ ಸೌಲಭ್ಯ ಇಲ್ಲ. ಉತ್ತರ ಸಮುದ್ರದ ಗಿಲ್ಲಿಮಾಟ್ ಎಂಬ ಹಕ್ಕಿಯನ್ನು ನೋಡಿ. ಸುಮಾರು ಒಂದು ಕಿಲೋ ತೂಕ, ಚಿಕ್ಕ ರೆಕ್ಕೆ. ಆ ರೆಕ್ಕೆಯಿಂದ ನೀರೊಳಗೆ ನೂರು ಮೀಟರಿಗೂ ಆಳಕ್ಕೆ ಈಜುತ್ತದೆ. ಆದರೆ ಅದೇ ರೆಕ್ಕೆಯಲ್ಲಿ ಗಾಳಿಯಲ್ಲಿ ಹಾರುವುದು ಬಹಳ ದುಬಾರಿ. ಇದರ ಹತ್ತಿರದ ಬಂಧು ಥಿಕ್‌ಬಿಲ್ಡ್ ಮರ್ ಎಂಬ ಹಕ್ಕಿ ಹಾರುವಾಗ, ಸುಮ್ನೆ ಇರುವಾಗಿನ 31 ಪಟ್ಟು ಶಕ್ತಿ ಸುಡುತ್ತದೆ ಎಂದು 2013ರಲ್ಲಿ ಲೆಕ್ಕ ಸಿಕ್ಕಿತು. ಇಂಥ ಹಕ್ಕಿಗೆ ಹತ್ತಿರದಲ್ಲೇ ಮೀನು ಬೇಕು. ಸಾಲದ್ದಕ್ಕೆ ಗಿಲ್ಲಿಮಾಟ್ ಒಂದು ಸಲಕ್ಕೆ ತರುವುದು ಒಂದೇ ಮೀನು. (ಪಫಿನ್ ಹಾಗಲ್ಲ. ನಾಲಿಗೆ ಮತ್ತು ಅಂಗುಳಿನ ಮುಳ್ಳುಗಳ ನಡುವೆ ಒಂದೊಂದನ್ನೇ ಸಿಕ್ಕಿಸುತ್ತಾ ಹತ್ತಾರು ತರುತ್ತದೆ. ಒಂದೇ ಸಲ 60ಕ್ಕೂ ಹೆಚ್ಚು ಪುಟ್ಟ ಮೀನು ತಂದದ್ದೂ ದಾಖಲಾಗಿದೆ.)

ಸ್ಕಾಟ್ಲೆಂಡಿನ ಐಲ್ ಆಫ್ ಮೇ ದ್ವೀಪದ ಬಂಡೆಯಂಚಿನಲ್ಲಿ ಗಿಲ್ಲಿಮಾಟ್‌ಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ. ಗೂಡು ಅಂತ ಏನೂ ಇಲ್ಲ, ಬರಿಯ ಕಲ್ಲು. ಒಂದು ಹಕ್ಕಿ ಕಡಲಿನಿಂದ ಬಂದು ಆ ನೂಕುನುಗ್ಗಲಿನಲ್ಲಿ ಇಳಿಯುತ್ತದೆ. ಮೀನು ಅದರ ಕೊಕ್ಕಿನಲ್ಲಿ ಉದ್ದಕ್ಕೆ ಇರುತ್ತದೆ, ತಲೆ ಒಳಗೆ, ಬಾಲ ಹೊರಗೆ. ಪಕ್ಕದವರು ಕಸಿಯದಂತೆ ತಲೆ ಬಗ್ಗಿಸಿ, ರೆಕ್ಕೆ ಇಳಿಬಿಟ್ಟು ಮರೆಮಾಡಿ, ಕಾಲ ಸಂದಿಯಲ್ಲಿರುವ ಮರಿಯ ಬಾಯಿಗೆ ಜಾರಿಸುತ್ತದೆ. ಮರಿ ಒಂದೇ ಗುಟುಕಿಗೆ ನುಂಗುತ್ತದೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಜೊತೆಯಲ್ಲಿ ನಿಂತು ಒಬ್ಬರ ಕತ್ತನ್ನು ಇನ್ನೊಬ್ಬರು ಕೊಕ್ಕಿನಿಂದ ನೇವರಿಸುತ್ತಾರೆ. ನೋಡುವವರಿಗೆ ಇದು ಬಿಡುವಿನ ವೇಳೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಈ ಬಿಡುವಿನ ವೇಳೆಯನ್ನೇ ಅಳೆದು ನೋಡಿದ ಅಧ್ಯಯನ 1990ರಲ್ಲಿ ಬಂತು. ಮೀನು ಕಡಿಮೆಯಾದ ವರ್ಷ ಮರಿಗೆ ಸಿಗುವ ತುತ್ತು ಅಷ್ಟೇನೂ ಕಡಿಮೆಯಾಗಿರಲಿಲ್ಲ. ಕಡಿಮೆಯಾದದ್ದು ಜೊತೆಯಲ್ಲಿ ನಿಲ್ಲುವ ಸಮಯ. ಅಂದರೆ ಆ ಬಿಡುವು ಅವುಗಳ ಕಷ್ಟಕಾಲದ ಉಳಿತಾಯ.

ಆ ಉಳಿತಾಯವೂ ಮುಗಿದರೆ? 2007ರಲ್ಲಿ ಐಲ್ ಆಫ್ ಮೇ ದ್ವೀಪದಲ್ಲಿ ಅದೇ ಆಯಿತು. ಮೀನು ಸಾಲದೆ ಗಂಡು ಹೆಣ್ಣು ಇಬ್ಬರೂ ಒಟ್ಟಿಗೆ ಕಡಲಿಗೆ ಹೋಗಬೇಕಾಯಿತು. ಮರಿಗಳು ಬಂಡೆಯ ಮೇಲೆ ಒಂಟಿಯಾದವು. ಮಾಮೂಲಿ ವರ್ಷಗಳಲ್ಲಿ ಸುಮ್ಮನಿರುವ ನೆರೆಯ ಗಿಲ್ಲಿಮಾಟ್‌ಗಳೇ ಆ ಮರಿಗಳನ್ನು ಕುಕ್ಕಿದವು, ಕೆಳಗೆ ತಳ್ಳಿದವು. ಆ ವರ್ಷ ಮರಿಗಳ ಸಾವಿಗೆ ಹಸಿವಿಗಿಂತ ದೊಡ್ಡ ಕಾರಣ ನೆರೆಯವರ ದಾಳಿ. ಈ ವರದಿ ಓದುವಾಗ ಈಗಲೂ ನನಗೆ ಸಂಕಟವಾಗುತ್ತದೆ. ಆಲ್ಬಟ್ರಾಸ್ ಮರಿಯನ್ನು ಒಂಟಿ ಬಿಟ್ಟರೆ ನಡೆಯುತ್ತದೆ, ಗಿಲ್ಲಿಮಾಟ್ ಮರಿಯನ್ನು ಬಿಟ್ಟರೆ ನಡೆಯುವುದಿಲ್ಲ. ಹಾಗಾಗಿಯೇ ಇರಬೇಕು, ಗಿಲ್ಲಿಮಾಟ್ ಇನ್ನೊಂದು ದಾರಿ ಹಿಡಿದಿದೆ. ಮರಿಗೆ ಮೂರು ವಾರ ಆಗುತ್ತಲೇ, ಇನ್ನೂ ಹಾರಲು ಬಾರದ, ಹಿರಿಯ ಹಕ್ಕಿಯ ಕಾಲು ಭಾಗ ಮಾತ್ರ ತೂಗುವ ಮರಿ ಸಂಜೆಗತ್ತಲಲ್ಲಿ ಬಂಡೆಯಿಂದ ಕೆಳಗೆ ಧುಮುಕುತ್ತದೆ. ನೀರಿನಿಂದ ಅಪ್ಪ ಕೂಗಿ ಕರೆಯುತ್ತದೆ. ಆಮೇಲೆ ವಾರಗಟ್ಟಲೆ ಅಪ್ಪ ಮರಿ ಇಬ್ಬರೂ ಕಡಲಲ್ಲೇ. ಮೀನನ್ನು ಮರಿಯ ಬಳಿಗೆ ತರುವ ಬದಲು ಮರಿಯನ್ನೇ ಮೀನಿನ ಬಳಿಗೆ ಕರೆದೊಯ್ದರೆ ಆ ದುಬಾರಿ ಹಾರಾಟ ಉಳಿಯುತ್ತದೆ.

ಮೀನು ಸಿಕ್ಕರಷ್ಟೇ ಸಾಲದು, ಅದರಲ್ಲಿ ಕೊಬ್ಬು ಇರಬೇಕು. ನಿಮ್ಮ ಕಡೆ ಬೂತಾಯಿಯಲ್ಲಿ ಎಣ್ಣೆ ತುಂಬಿದ ಕಾಲ ಯಾವುದು, ಸಪ್ಪೆ ಕಾಲ ಯಾವುದು ಎಂದು ಎಲ್ಲರಿಗೂ ಗೊತ್ತು. 2004ರಲ್ಲಿ ಐಲ್ ಆಫ್ ಮೇ ದ್ವೀಪದಲ್ಲಿ ಗಿಲ್ಲಿಮಾಟ್‌ಗಳು ಮೀನು ತರುತ್ತಲೇ ಇದ್ದವು, ಆದರೂ ಮರಿಗಳು ಸೊರಗಿದವು. ತಂದ ಮೀನುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಶಕ್ತಿಯೇ ಇರಲಿಲ್ಲ. ಮುಂದಿನ ಕೆಲವು ವರ್ಷ ಹಕ್ಕಿಗಳು ಪೈಪ್‌ಫಿಶ್ ಎಂಬ ಗಟ್ಟಿ ಮೈಯ, ಬಳ್ಳಿಯಂಥ ಮೀನು ತಂದವು. ನುಂಗಲಾರದೆ ಮರಿಗಳು ಉಸಿರುಗಟ್ಟಿದವು.

ಇಲ್ಲಿ ಮನುಷ್ಯರ ಪಾಲೂ ಇದೆ. 2011ರಲ್ಲಿ ಫಿಲಿಪ್ ಕ್ಯುರಿ ಮತ್ತು ಸಂಗಡಿಗರು ಲೋಕದ ಏಳು ಕಡಲು ಪ್ರದೇಶಗಳ 14 ಜಾತಿ ಹಕ್ಕಿಗಳ ಲೆಕ್ಕ ಒಟ್ಟುಗೂಡಿಸಿದರು. ಸಣ್ಣ ಮೀನಿನ ದಾಸ್ತಾನು ಅದರ ಗರಿಷ್ಠ ಮಟ್ಟದ ಮೂರನೇ ಒಂದು ಭಾಗಕ್ಕಿಂತ ಇಳಿದರೆ ಎಲ್ಲ ಕಡೆಯೂ ಮರಿಗಳ ಸಂಖ್ಯೆ ಕುಸಿಯುತ್ತದೆ. ಅದಕ್ಕಿಂತ ಮೇಲಿದ್ದರೆ ಹಕ್ಕಿಗಳು ಹೇಗೋ ನಿಭಾಯಿಸುತ್ತವೆ. ಉತ್ತರ ಸಮುದ್ರದ ಪಫಿನ್, ಕಿಟಿವೇಕ್‌ಗಳು ನಂಬಿರುವ ಸ್ಯಾಂಡ್‌ಈಲ್ ಮೀನನ್ನು ಹಿಡಿಯುವುದನ್ನು ಬ್ರಿಟನ್ ತನ್ನ ಆ ಭಾಗದ ನೀರಿನಲ್ಲಿ 2024ರಲ್ಲಿ ನಿಲ್ಲಿಸಿತು. ಸರಿಯಾದ ಕ್ರಮ ಅನ್ನುವುದು ನನ್ನ ಅಭಿಪ್ರಾಯ. ಮರಿ ಸಾಕುವ ತಿಂಗಳುಗಳಲ್ಲಿ ಹಕ್ಕಿಗೆ ಬೇರೆ ಕಡೆ ಹೋಗುವ ಸ್ವಾತಂತ್ರ್ಯವೇ ಇರುವುದಿಲ್ಲ.

ಆಲ್ಬಟ್ರಾಸ್‌ಗೆ ಅಪಾಯ ಇರುವುದು ಉದ್ದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ಟ್ಯೂನಾ ಹಿಡಿಯುವ ಹಡಗುಗಳಲ್ಲಿ. ಗಾಳದ ಬೊಂಡಾಸ್ ಅಥವಾ ಮೀನಿಗೆ ಹಕ್ಕಿ ಎರಗಿ, ಸಿಕ್ಕಿಕೊಂಡು ಮುಳುಗಿ ಸಾಯುತ್ತದೆ. ಕ್ರೋಜೆಯ ಹೆಣ್ಣು ಹಕ್ಕಿಗಳು ಗಂಡುಗಳಿಗಿಂತ ಉತ್ತರಕ್ಕೆ, ಬೆಚ್ಚಗಿನ ನೀರಿನ ಕಡೆ ಹೋಗುತ್ತವೆ. ಟ್ಯೂನಾ ಹಡಗುಗಳೂ ಅಲ್ಲಿಯೇ. ಹಾಗಾಗಿ ಹೆಣ್ಣುಗಳ ಸಾವು ಜಾಸ್ತಿ. ಒಬ್ಬರು ಸತ್ತರೆ ಇನ್ನೊಬ್ಬರಿಂದ ಆ ಮರಿಯನ್ನು ಸಾಕಲು ಆಗುವುದಿಲ್ಲ. ಇಷ್ಟು ಹೊತ್ತು ಹೇಳಿದ ಲೆಕ್ಕವೆಲ್ಲ ಇಬ್ಬರು ಇದ್ದಾಗಿನದು. ರಾತ್ರಿ ಗಾಳ ಇಳಿಸುವುದು, ಗಾಳ ಬೇಗ ಮುಳುಗುವಂತೆ ಭಾರ ಕಟ್ಟುವುದು, ಹಕ್ಕಿ ಹೆದರುವಂತೆ ಬಣ್ಣದ ಪಟ್ಟಿಗಳ ಹಗ್ಗ ತೂಗುಬಿಡುವುದು, ಇವು ಅಗ್ಗದ ಉಪಾಯಗಳು. ದಕ್ಷಿಣ ಜಾರ್ಜಿಯಾ ದ್ವೀಪದ ಸುತ್ತ ಇವನ್ನು ಕಡ್ಡಾಯ ಮಾಡಿ, ಗೂಡಿನ ಕಾಲದಲ್ಲಿ ಮೀನುಗಾರಿಕೆ ನಿಲ್ಲಿಸಿದ ಮೇಲೆ ಅಲ್ಲಿ ಹಕ್ಕಿಗಳ ಸಾವು ಬಹುತೇಕ ನಿಂತಿದೆ. ಆದರೆ ಅಲ್ಲಿಯ ಆಲ್ಬಟ್ರಾಸ್ ಆ ಗಡಿ ದಾಟಿ ದೂರದ ಕಡಲಿಗೂ ಹೋಗುತ್ತದೆ, ಅಲ್ಲಿ ಈ ನಿಯಮ ಎಲ್ಲರೂ ಪಾಲಿಸುವುದಿಲ್ಲ.

ಇನ್ನು ನಿಮ್ಮವರು ಹೇಳಿದ ಕಪ್ಪು ಹಕ್ಕಿ. ಅದು ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಇರಬೇಕು. ಬಾಲದ ಬುಡದಲ್ಲಿ ಬಿಳಿ ಪಟ್ಟಿ ಇದೆಯೇ ಎಂದು ಕೇಳಿ ನೋಡಿ. ತೂಕ 40 ಗ್ರಾಂ ಆಸುಪಾಸು. ಗೂಡು ಮಾಡುವುದು ಅಂಟಾರ್ಕ್ಟಿಕ ಮತ್ತು ಅದರ ಸುತ್ತಲಿನ ದ್ವೀಪಗಳ ಕಲ್ಲುಸಂದಿಗಳಲ್ಲಿ, ಡಿಸೆಂಬರಿನಿಂದ ಏಪ್ರಿಲ್ ಒಳಗೆ. ಅಲ್ಲಿ ಇದಕ್ಕೆ ಇನ್ನೊಂದು ಕಷ್ಟ. ಹಿಮ ಬಿದ್ದು ಸಂದಿಯ ಬಾಯಿ ಮುಚ್ಚಿದರೆ, ಆಹಾರ ತಂದ ಹಕ್ಕಿ ಹೊರಗೇ ಉಳಿಯುತ್ತದೆ. ಮರಿ ಒಳಗೆ ಕೊಬ್ಬಿನ ಮೇಲೆ ದಿನ ದೂಡುತ್ತದೆ. ಹಿಮ ಬೇಗ ಕರಗದಿದ್ದರೆ ಸಾಯುತ್ತದೆ. ಬದುಕಿದ ಮರಿಯನ್ನು ಯಾರೂ ಕಡಲಿಗೆ ಕರೆದೊಯ್ಯುವುದಿಲ್ಲ. ರೆಕ್ಕೆ ಬಲಿತ ಮೇಲೆ ತಾನೇ ಹೊರಡುತ್ತದೆ. ನಮ್ಮ ಮಳೆಗಾಲ ಅಂದರೆ ಅಂಟಾರ್ಕ್ಟಿಕದ ಚಳಿಗಾಲ. ಆ ತಿಂಗಳುಗಳಲ್ಲಿ ಅವಕ್ಕೆ ವಾಪಸ್ ಹೋಗಬೇಕಾದ ಗೂಡಿಲ್ಲ. ಹಾಗಾಗಿ ಅರಬ್ಬೀ ಸಮುದ್ರದವರೆಗೂ ಬರಲು ಬಿಡುವು ಇದೆ. ಮರಿಗೆ ಉಣಿಸಿ ಕರಗಿದ ಮೈಯನ್ನು ತುಂಬಿಸಿಕೊಳ್ಳುವ ಕಾಲವೂ ಇದೇ. ಬೋಟಿನ ಹಿಂದೆ ಕುಣಿಯುವಂತೆ ಕಾಣುವಾಗ ಅದು ಕಾಲಿನಿಂದ ನೀರು ತಾಗಿಸುತ್ತಾ ಮೇಲ್ಪದರದ ಸಣ್ಣ ಜೀವಿಗಳನ್ನೂ ಎಣ್ಣೆಯ ತುಣುಕುಗಳನ್ನೂ ಹೆಕ್ಕುತ್ತಿರುತ್ತದೆ.

ಮಳೆಗಾಲದ ಬಿರುಗಾಳಿಗೆ ಸಿಕ್ಕಿ ಇಂಥ ಹಕ್ಕಿ ದಡಕ್ಕೆ ಬಿದ್ದದ್ದು ಕಂಡರೆ ಬಾಯಿಗೆ ಅನ್ನ ನೀರು ತುರುಕಬೇಡಿ, ಬಕೆಟ್ ನೀರಿನಲ್ಲಿ ಬಿಡಬೇಡಿ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿ ಇಟ್ಟು, ಅರಣ್ಯ ಇಲಾಖೆಗೆ ತಿಳಿಸಿ.